‘ಡಚ್ ಧೈರ್ಯ’ ಅಂತೆ!

ಈಗಷ್ಟೇ ಕಂಡದ್ದು. ಒಟಿಟಿಯಲ್ಲಿ ಇಂಗ್ಲಿಷ್ ಸಿನಿಮಾ, ಕೆಳಗೆ ಕನ್ನಡ ಸಬ್‌ಟೈಟಲ್. ಹುಡುಗಿಗೆ ಮನಸ್ಸಿನ ಮಾತು ಹೇಳೋ ಮುಂಚೆ ಹುಡುಗ ಗ್ಲಾಸು ಎತ್ತುತ್ತಾನೆ. ಕೆಳಗೆ ಅಕ್ಷರ ಮೂಡುತ್ತೆ: ‘ನನಗೆ ಸ್ವಲ್ಪ ಡಚ್ ಧೈರ್ಯ ಬೇಕು.’

ನಾನು ಹೊಟ್ಟೆಪಾಡಿಗೆ ಅನುವಾದ ಮಾಡ್ತೀನಿ, ಬಿಪಿ ಯಾಕೆ ಏರಿತು ಅಂತ ಬೇರೆ ಹೇಳಬೇಕಿಲ್ಲ. ಇಂಗ್ಲಿಷಿನ ‘ಡಚ್ ಕರೇಜ್’ ಅಂದರೆ ಕುಡಿದಾಗ ಬರೋ ಧೈರ್ಯ. ‘ಎರಡು ಪೆಗ್ ಒಳಗೆ ಹೋಗ್ಲಿ, ಧೈರ್ಯ ಬರುತ್ತೆ’ ಅನ್ನೋಕೆ ಏನು ರೋಗ?

ಡಚ್ಚರಿಗೆ, ಅಂದರೆ ಹಾಲೆಂಡಿನವರಿಗೆ, ಕುಡಿಯದೆ ಧೈರ್ಯ ಬರಲ್ಲ ಅನ್ನೋ ಕುಹಕ ಅದು. ಆದರೆ ಡಚ್ಚರಿಗೂ ಪುಕ್ಕಲುತನಕ್ಕೂ ಸಂಬಂಧವೇ ಇಲ್ಲ. 1652ರಿಂದ 1674ರ ಒಳಗೆ ಇಂಗ್ಲೆಂಡು, ಹಾಲೆಂಡು ಮೂರು ಸಲ ಯುದ್ಧ ಮಾಡಿದವು. 1667ರಲ್ಲಂತೂ ಡಚ್ಚರು ಇಂಗ್ಲೆಂಡಿನ ಮೆಡ್‌ವೇ ನದಿಯೊಳಕ್ಕೇ ನುಗ್ಗಿ, ಹಡಗುಗಳಿಗೆ ಬೆಂಕಿ ಇಟ್ಟು, ‘ರಾಯಲ್ ಚಾರ್ಲ್ಸ್’ ಅನ್ನೋ ದೊಡ್ಡ ಹಡಗನ್ನು ಎಳೆದುಕೊಂಡು ಹೋದರು. ಅದರ ಹಿಂಬದಿಯ ಕೆತ್ತನೆ ಇವತ್ತೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಕಡಲಲ್ಲಿ ಏಟು ತಿಂದ ಇಂಗ್ಲಿಷರು ನಾಲಿಗೆಯಲ್ಲಿ ತೀರಿಸಿಕೊಂಡರು ಅಂತಾರೆ. ಅವರ ಹೊಟ್ಟೆಉರಿಯನ್ನು ಕನ್ನಡ ಯಾಕೆ ಹೊರಬೇಕು?

‘ಡಚ್ ಅಂಕಲ್’ ಇನ್ನೂ ಮಜಾ. ಮುಲಾಜಿಲ್ಲದೆ ಮುಖಕ್ಕೆ ಹೊಡೆದ ಹಾಗೆ ಬುದ್ಧಿ ಹೇಳೋನು ಅಂತ ಅರ್ಥ. ಪದಕ್ಕೆ ಪದ ಇಡೋ ಪುಣ್ಯಾತ್ಮ ಇದನ್ನು ಏನು ಮಾಡ್ತಾನೆ? ಡಚ್ ದೊಡ್ಡಪ್ಪನೋ, ಚಿಕ್ಕಪ್ಪನೋ, ಸೋದರಮಾವನೋ?

‘ಫ್ರೆಂಚ್ ಲೀವ್’ ಅಂದರೆ ಹೇಳದೆ ಕೇಳದೆ ಜಾಗ ಖಾಲಿ ಮಾಡೋದು. ಅದನ್ನೇ ಫ್ರೆಂಚರು ‘ಇಂಗ್ಲಿಷರ ಥರ ಜಾರಿಕೊಳ್ಳೋದು’ ಅಂತಾರೆ. ಯಾರ ಕಡೆ ಸೇರ್ತೀರಿ? ‘ಫ್ರೆಂಚ್ ರಜೆ’ ಅಂತ ಬರೆದರೆ ಓದೋನು ಪ್ಯಾರಿಸ್ ಟ್ರಿಪ್ ಅಂದುಕೊಳ್ತಾನೆ.

‘ಹೊಸ ನುಡಿಗಟ್ಟು ಬಂದರೆ ಭಾಷೆ ಬೆಳೆಯುತ್ತೆ ಸಾರ್’ ಅಂತ ಒಬ್ಬರು ಬಂದೇ ಬರ್ತೀರಿ. ಬೆಳೀಲಿ. ಟೇಬಲ್ಲು, ಬಸ್ಸು ಬಂದವು, ಕೆಲಸಕ್ಕೆ ಬಂದವು. ‘ಡಚ್ ಧೈರ್ಯ’ ಯಾವ ಕೆಲಸಕ್ಕೆ? ಹಾಗಂತ ನಾವೇನು ಸಾಚಾ ಅಲ್ಲ. ಪಕ್ಕದ ರಾಜ್ಯದವರಿಗೆ ನಾವಿಟ್ಟ ಹೆಸರುಗಳನ್ನು ಇಲ್ಲಿ ಬರೆದರೆ ನಾಳೆ ನನ್ನ ಅಕೌಂಟ್ ಇರಲ್ಲ. 16ನೇ ಶತಮಾನದ ಆಯುರ್ವೇದ ಗ್ರಂಥ ‘ಭಾವಪ್ರಕಾಶ’ ಕೂಡ ಸಿಫಿಲಿಸ್ ಅನ್ನೋ ಲೈಂಗಿಕ ರೋಗಕ್ಕೆ ‘ಫಿರಂಗ ರೋಗ’, ಅಂದರೆ ಫಿರಂಗಿಗಳ (ಯುರೋಪಿನವರ) ರೋಗ ಅಂತಲೇ ಹೆಸರಿಟ್ಟಿತು.

ಕೇಳಬೇಕಾದ್ದು ಒಂದೇ: ಆ ದೇಶದ ಹೆಸರು ತೆಗೆದರೆ ಅರ್ಥ ಉಳಿಯುತ್ತಾ? ಉಳಿದರೆ ತೆಗೀರಿ. ‘ಗೋ ಡಚ್’ಗೆ ‘ಅವರವರ ಬಿಲ್ಲು ಅವರವರದು’, ಮುಗೀತು. ಆದರೆ ‘ಡಚ್ ಹರಾಜು’ ಬಂದರೆ ಕೈ ಹಚ್ಚಬೇಡಿ, ಅದು ಬೈಗುಳವಲ್ಲ, ಪದ್ಧತಿ. ಹಾಲೆಂಡಿನ ಆಲ್ಸ್‌ಮೀರ್ ಊರಿನ ಹೂವಿನ ಮಾರುಕಟ್ಟೆಯ ಹರಾಜು ಗಡಿಯಾರದಲ್ಲಿ ಬೆಲೆ ಮೇಲಿಂದ ಶುರುವಾಗಿ ಸರಸರ ಇಳಿಯುತ್ತೆ, ಮೊದಲು ಗುಂಡಿ ಒತ್ತಿದವನಿಗೆ ಮಾಲು. ತಡಮಾಡಿದರೆ ಇನ್ನೊಬ್ಬ ಹೊಡ್ಕೊಂಡು ಹೋಗ್ತಾನೆ. ಇಲ್ಲಿ ಮೊದಲ ಸಲ ‘ಬೆಲೆ ಇಳಿಸುತ್ತ ಹೋಗುವ ಡಚ್ ಹರಾಜು’ ಅಂತ ಬಿಡಿಸಿ ಬರೆದರೆ ಸಾಕು.

ಅಡುಗೆ ಪುಸ್ತಕ ಅನುವಾದ ಮಾಡೋರಿಗೆ ಇನ್ನೊಂದು ಮಾತು. ‘ವೆಲ್ಷ್ ರ‍್ಯಾಬಿಟ್’ನಲ್ಲಿ ಮೊಲ ಇಲ್ಲ! ಚೀಸ್ ಕರಗಿಸಿ, ಸ್ವಲ್ಪ ಬಿಯರ್, ಸಾಸಿವೆ ಕಲಸಿ ಟೋಸ್ಟ್ ಮಾಡಿದ ಬ್ರೆಡ್ ಮೇಲೆ ಸುರಿಯೋದು, ಅಷ್ಟೇ. ವೇಲ್ಸಿನವರಿಗೆ ಮಾಂಸ ಕೊಳ್ಳೋ ಗತಿ ಇಲ್ಲ ಅಂತ ಇಂಗ್ಲಿಷರು ಮಾಡಿದ ಕುಚೋದ್ಯ ಅನ್ನೋದು ರೂಢಿಯ ಮಾತು. ನೀವು ‘ವೇಲ್ಸ್ ಮೊಲ’ ಅಂತ ಅಚ್ಚು ಹಾಕಿಸಿದರೆ ಸಸ್ಯಾಹಾರಿ ಪುಟ ತಿರುಗಿಸ್ತಾನೆ, ಮಾಂಸಾಹಾರಿ ಪದಾರ್ಥಗಳ ಪಟ್ಟಿಯಲ್ಲಿ ಮೊಲ ಹುಡುಕ್ತಾ ಕೂರ್ತಾನೆ.