ಸಭೆಗೆ ಬಿಡದ ಪ್ರಶ್ನೆ

ಟಿ.ವಿ. ರಸಪ್ರಶ್ನೆ ಕಾರ್ಯಕ್ರಮಗಳ ಚಿತ್ರೀಕರಣಕ್ಕೆ ಪ್ರೇಕ್ಷಕರಾಗಿ ಹೋಗುವವರನ್ನು ವಾಹಿನಿಗಳು ಬಳಸಿಕೊಳ್ಳುವ ಬಗೆಯ ಕುರಿತು ನನಗೊಂದು ತಕರಾರಿದೆ. ಊಟ ಸರಿಯಿರಲಿಲ್ಲ, ಕೂರಲು ಜಾಗವಿರಲಿಲ್ಲ ಎಂಬ ಬಗೆಯ ದೂರು ಇದಲ್ಲ. ಊಟ ಚೆನ್ನಾಗಿಯೇ ಇತ್ತು, ಬಿಸಿಬೇಳೆ ಭಾತನ್ನು ನಮ್ಮವರು ಎರಡೆರಡು ಬಾರಿ ಹಾಕಿಸಿಕೊಂಡರು. ಪ್ರಶ್ನೆಯನ್ನು ಕೇಳಿಸಿಕೊಂಡು ಮನಸ್ಸಿನಲ್ಲೇ ಉತ್ತರ ಹುಡುಕುತ್ತಿರುವ ಅಷ್ಟೊಂದು ಜನರನ್ನು ಒಂದೇ ಸೂರಿನಡಿ ಕೂರಿಸಿ, ಅವರಿಂದ ಚಪ್ಪಾಳೆಯನ್ನಲ್ಲದೆ ಬೇರೇನನ್ನೂ ಕೇಳದೆ ಮನೆಗೆ ಕಳುಹಿಸುತ್ತಾರಲ್ಲ, ನನ್ನ ತಕರಾರು ಆ ಪದ್ಧತಿಯ ಬಗ್ಗೆ.

ನಾವು ಹೋದದ್ದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ನಮ್ಮ ವಾಚನಾಲಯದ ಬಳಗವಾಗಿ. ಸದಸ್ಯರೊಬ್ಬರ ಅಳಿಯನಿಗೆ ಸ್ಟುಡಿಯೊಗಳಿಗೆ ಪ್ರೇಕ್ಷಕರನ್ನು ಒದಗಿಸುವವರ ಪರಿಚಯವಿದ್ದುದರಿಂದ ಈ ಅವಕಾಶ ಒದಗಿತ್ತು. ಬಳಗದಲ್ಲಿ ನಿವೃತ್ತ ಮಾಷ್ಟ್ರೊಬ್ಬರು, ಅಡಿಕೆ ತೋಟದ ಕೆಲಸವನ್ನು ಮಗನಿಗೆ ಒಪ್ಪಿಸಿ ಬಂದ ಒಬ್ಬರು ಕೃಷಿಕರು, ಸಹಕಾರಿ ಬ್ಯಾಂಕಿನ ಒಬ್ಬ ಉದ್ಯೋಗಿ ಮತ್ತು ಸರ್ಕಾರಿ ನೌಕರಿಗಾಗಿ ಕೇರಳ ಪಿ.ಎಸ್.ಸಿ. (ಲೋಕಸೇವಾ ಆಯೋಗ) ಪರೀಕ್ಷೆಗೆ ಓದುತ್ತಿರುವ ಹುಡುಗಿಯರಿದ್ದರು. ನಮ್ಮ ಜಿಲ್ಲೆಯಲ್ಲಿ ಪಿ.ಎಸ್.ಸಿ.ಗೆ ಓದುವವರನ್ನು ಮೀರಿಸುವ ರಸಪ್ರಶ್ನೆ ಪಟುಗಳಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಕಾಸರಗೋಡಿನಲ್ಲಿ ರಾತ್ರಿಯ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ನಗರದ ಹೊರವಲಯದ ಸ್ಟುಡಿಯೊ ತಲುಪಿದೆವು. ಕಾರ್ಯಕ್ರಮದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ.

ಬಾಗಿಲಲ್ಲೇ ಮೊಬೈಲುಗಳನ್ನು ಪಡೆದು ಚೀಟಿ ಕೊಟ್ಟರು. ನಮ್ಮ ಮುಖವನ್ನು ಹೇಗೆ ಬೇಕಾದರೂ ತೋರಿಸಿಕೊಳ್ಳಬಹುದೆಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅಚ್ಚ ಬಿಳಿಯ ಬಟ್ಟೆ ಬೇಡ, ಸಣ್ಣ ಗೆರೆಗಳ ಅಂಗಿ ಬೇಡ ಎಂದು ಮೊದಲೇ ತಿಳಿಸಿದ್ದರು. ಬಿಳಿ ಬಟ್ಟೆ ಬೆಳಕಿನಲ್ಲಿ ಹೊಳೆದು ಮುಖವನ್ನು ಮಂಕಾಗಿಸುತ್ತದೆ, ಒತ್ತೊತ್ತಾದ ಗೆರೆಗಳು ಕ್ಯಾಮೆರಾದಲ್ಲಿ ಅಲೆಯಲೆಯಾಗಿ ನಡುಗುತ್ತವೆ. ಬಿಳಿ ಮುಂಡು, ಬಿಳಿ ಅಂಗಿಯಲ್ಲದೆ ಬೇರೆ ತೊಟ್ಟು ಅಭ್ಯಾಸವಿಲ್ಲದ ಮಾಷ್ಟ್ರು ತಮ್ಮ ತಮ್ಮನ ನೀಲಿ ಜುಬ್ಬಾ ಧರಿಸಿ ಬಂದಿದ್ದರು.

ನನಗೆ ಮೊದಲ ಅಚ್ಚರಿಯಾದದ್ದು ಪ್ರಶ್ನೆಗಿಂತ ಮುಂಚೆಯೇ ಪ್ರತಿಕ್ರಿಯೆಯನ್ನು ಚಿತ್ರೀಕರಿಸಿಕೊಂಡಾಗ. ಸ್ಪರ್ಧಿಗಳಾಗಲೀ ನಿರೂಪಕರಾಗಲೀ ಇನ್ನೂ ವೇದಿಕೆಗೆ ಬಂದಿರಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಫ್ಲೋರ್ ಮ್ಯಾನೇಜರ್ ಖಾಲಿ ವೇದಿಕೆಯ ಮೇಲೆ ನಿಂತು, ಈಗ ಜೋರಾಗಿ ಚಪ್ಪಾಳೆ, ಈಗ ಎದ್ದು ನಿಂತು ಚಪ್ಪಾಳೆ, ಈಗ ಗಾಬರಿಯಿಂದ ಪಕ್ಕದವರನ್ನು ನೋಡುವುದು, ಈಗ ನಿರಾಸೆಯಿಂದ ಉಸಿರು ಬಿಡುವುದು ಎಂದು ಒಂದೊಂದಾಗಿ ಹೇಳಿ ಮಾಡಿಸಿದರು. ಉದ್ದನೆಯ ತೋಳಿನ ಕ್ಯಾಮೆರಾ ನಮ್ಮ ತಲೆಗಳ ಮೇಲೆ ತೇಲಿ ಎಲ್ಲವನ್ನೂ ತುಂಬಿಸಿಕೊಂಡಿತು. ಮುಂದಿನ ಸಾಲಿನಲ್ಲಿದ್ದ ನಮ್ಮ ಕೃಷಿಕ ಮಿತ್ರರು, "ಯಾವ ಉತ್ತರಕ್ಕೆ ಗಾಬರಿಯಾಗಬೇಕು ಮಾರಾಯರೇ?" ಎಂದು ಮೆಲ್ಲಗೆ ಕೇಳಿದ್ದು ನಿಜಕ್ಕೂ ಕೇಳಬೇಕಾದ ಪ್ರಶ್ನೆಯೇ ಆಗಿತ್ತು.

ಚಿತ್ರೀಕರಣ ಆರಂಭವಾದ ಮೇಲೆ ಕಂಡದ್ದು ಮಾತ್ರ ಬೇರೆಯೇ, ಮತ್ತು ಅದನ್ನು ನೋಡುವ ಸಲುವಾಗಿ ಮತ್ತೆ ಹೋಗಲು ನಾನು ಸಿದ್ಧನಿದ್ದೇನೆ. ಮನೆಯಲ್ಲಿ ಕುಳಿತು ನೋಡುವಾಗ ರಸಪ್ರಶ್ನೆಯೆಂದರೆ ವೇಗ. ಸ್ಟುಡಿಯೊದಲ್ಲಿ ಅದು ನಿಧಾನದ ಆಟ. ಸ್ಪರ್ಧಿಯೊಬ್ಬ ಪ್ರಶ್ನೆಯನ್ನು ಓದಿಕೊಂಡು, ನೀರು ಕೇಳಿ ಕುಡಿದು, ಮೊದಲು ಒಂದು ಆಯ್ಕೆಯನ್ನು ಕಾರಣಸಹಿತವಾಗಿ ತಳ್ಳಿಹಾಕಿ, ಮತ್ತೆ ಅದನ್ನೇ ಎತ್ತಿಕೊಂಡು, ತನ್ನ ಏಳನೇ ತರಗತಿಯ ಪಾಠವೊಂದನ್ನು ನೆನಪಿಸಿಕೊಂಡು ಉತ್ತರದ ಹತ್ತಿರಕ್ಕೆ ಬರುವ ಆ ಪಯಣ ಪ್ರಸಾರದಲ್ಲಿ ಉಳಿಯುವುದೇ ಇಲ್ಲ. ಒಬ್ಬ ಮನುಷ್ಯ ಎದುರಿಗೆ ಕುಳಿತು ಯೋಚಿಸುವುದನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡುವ ಅವಕಾಶ ನಮಗೆ ಬೇರೆಲ್ಲಿ ಸಿಗುತ್ತದೆ? ಆ ಹೊತ್ತಿನಲ್ಲಿ ಇಡೀ ಸಭೆಯೂ ಅವನೊಂದಿಗೆ ಯೋಚಿಸುತ್ತಿರುತ್ತದೆ. ಅಕ್ಕಪಕ್ಕದವರ ತುಟಿಗಳು ಅಲುಗಾಡುವುದನ್ನು, ಬೆರಳುಗಳು ಒಂದು, ಎರಡು ಎಂದು ಮಡಚಿಕೊಳ್ಳುವುದನ್ನು ನಾನು ನೋಡಿದೆ. ಕ್ಯಾಮೆರಾ ಆಗ ನಮ್ಮ ಕಡೆ ತಿರುಗಲಿಲ್ಲ. ಅದಕ್ಕೆ ಬೇಕಾದ ನಮ್ಮ ಮುಖಗಳು ಬೆಳಿಗ್ಗೆಯೇ ಸಿಕ್ಕಿದ್ದವು.

ಮಧ್ಯಾಹ್ನದ ನಂತರ ಬಂದ ಪ್ರಶ್ನೆ ಇದು: ಗೋವಿಂದ ಪೈಗಳ ಮಂಜೇಶ್ವರ ಈಗ ಯಾವ ಜಿಲ್ಲೆಯಲ್ಲಿದೆ? ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಕೊಡಗು ಎಂಬ ನಾಲ್ಕು ಆಯ್ಕೆಗಳಿದ್ದವು. ನಮ್ಮ ಸಾಲಿನಲ್ಲಿ ಒಂದು ಅಲೆಯೇ ಎದ್ದಿತು. ಸ್ಪರ್ಧಿ ಬಹಳ ಯೋಚಿಸಿ ದಕ್ಷಿಣ ಕನ್ನಡ ಎಂದ. ಸರಿಯುತ್ತರ ಕಾಸರಗೋಡು ಎಂದು ನಿರೂಪಕರು ತಿಳಿಸಿ, ಕೇರಳ ಎಂಬ ಒಂದು ಪದವನ್ನು ಸೇರಿಸಿ ಮುಂದಕ್ಕೆ ಹೋದರು. ನಾವು ಬಿಟ್ಟ ಉಸಿರು ಸಾಲದೆಂದು ಫ್ಲೋರ್ ಮ್ಯಾನೇಜರ್ ಇನ್ನೊಮ್ಮೆ ಬಿಡಿಸಿದರು.

ಆ ಹುಡುಗನ ಉತ್ತರ ತಪ್ಪು, ಆದರೆ ಎಂಥ ತಪ್ಪು ಎಂಬುದನ್ನು ಹೇಳಬಲ್ಲವರು ಆ ಸಭಾಂಗಣದಲ್ಲಿಯೇ ಕುಳಿತಿದ್ದರು. 1883ರಲ್ಲಿ ಜನಿಸಿದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಅಂದಿನ ಮದರಾಸು ಸರ್ಕಾರ. ಆಗ ಮಂಜೇಶ್ವರ ಇದ್ದದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಬಳಿಕ ಕಣ್ಣೂರು ಜಿಲ್ಲೆಯ ಭಾಗವಾಯಿತು. ಪೈಗಳು 1963ರಲ್ಲಿ ತೀರಿಕೊಂಡಾಗ ಅವರ ಊರು ಕಣ್ಣೂರು ಜಿಲ್ಲೆಗೆ ಸೇರಿತ್ತು. ಚಂದ್ರಗಿರಿ ಹೊಳೆಯಿಂದ ಉತ್ತರದ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಗೆ ಬರಲಿಲ್ಲ. ಕಾಸರಗೋಡು ಜಿಲ್ಲೆ ರಚನೆಯಾದದ್ದು 1984ರ ಮೇ 24ರಂದು. ಮನೆ ಬದಲಿಸದೆ ಕುಳಿತಿದ್ದವರ ವಿಳಾಸ ಇಷ್ಟು ಸಲ ಬದಲಾದ ಈ ಕಥೆಯನ್ನು ನಮ್ಮ ಮಾಷ್ಟ್ರು ಒಂದು ನಿಮಿಷದಲ್ಲಿ ಹೇಳಬಲ್ಲರು. ಆ ಒಂದು ನಿಮಿಷ ಸಿಕ್ಕಿದ್ದರೆ ಸೋತ ಹುಡುಗನಿಗೂ ತನ್ನ ಉತ್ತರ ಕೆಲವು ದಶಕಗಳಷ್ಟು ಹಿಂದೆ ಬಿದ್ದಿತ್ತು ಎಂಬ ಸಮಾಧಾನವಾದರೂ ಇರುತ್ತಿತ್ತು.

ನಮ್ಮ ಕಡೆಯ ವಾಚನಾಲಯಗಳ ರಸಪ್ರಶ್ನೆ ನೋಡಿದವರಿಗೆ ನಾನು ಹೇಳುತ್ತಿರುವುದು ಸುಲಭವಾಗಿ ಅರ್ಥವಾದೀತು. ಕೇರಳದ ಗ್ರಂಥಾಲಯ ಚಳವಳಿಯ ಹರಿಕಾರ ಪಿ.ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಕೇರಳದಾದ್ಯಂತ ಜೂನ್ 19ನ್ನು ವಾಚನ ದಿನವಾಗಿ ಆಚರಿಸುವುದರಿಂದ, ಆ ದಿನಗಳಲ್ಲಿ ಕಾಸರಗೋಡಿನ ಕನ್ನಡ ವಾಚನಾಲಯಗಳಲ್ಲಿಯೂ ಸ್ಪರ್ಧೆಗಳ ಸುಗ್ಗಿ. ಮೊದಲ ತಂಡಕ್ಕೆ ಗೊತ್ತಿಲ್ಲದ ಪ್ರಶ್ನೆ ಎರಡನೆಯ ತಂಡಕ್ಕೆ ಹೋಗುತ್ತದೆ, ಅಲ್ಲಿಂದ ಮೂರನೆಯದಕ್ಕೆ. ಯಾರಿಗೂ ಗೊತ್ತಿಲ್ಲದಿದ್ದರೆ ಅದನ್ನು ಸಭೆಗೆ ಬಿಡುತ್ತಾರೆ. ನಿಜವಾದ ರಸ ಇರುವುದು ಅಲ್ಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಮೇಲಿನ ಪ್ರಶ್ನೆಗೆ ಕಾಲೇಜು ಮಕ್ಕಳ ತಂಡಗಳೆಲ್ಲ ಪಾಸ್ ಎಂದಾಗ, ಮೊಮ್ಮಗನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಉತ್ತರ ಹೇಳಿ, ಜೊತೆಗೆ ಪ್ರಸಂಗದ ಎರಡು ಸಾಲು ಪದವನ್ನೂ ಹೇಳಿ, ಬಹುಮಾನದ ಪೆನ್ನನ್ನು ಮೊಮ್ಮಗನ ಜೇಬಿಗೆ ಸಿಕ್ಕಿಸಿದ್ದನ್ನು ನಾನು ನೋಡಿದ್ದೇನೆ. ಅಂಕಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಆದರೆ ಊರು ಇಂದಿಗೂ ಆ ಸ್ಪರ್ಧೆಯಲ್ಲಿ ಗೆದ್ದ ತಂಡವನ್ನು ಮರೆತು ಅವರನ್ನೇ ನೆನೆಯುತ್ತದೆ.

ಸಭಿಕರಿಗೆ ಬಾಯಿ ತೆರೆಯಲು ಬಿಟ್ಟರೆ ಮೋಸ ನಡೆಯುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ, ಅದಕ್ಕೆ ಆಧಾರವೂ ಇದೆ. 2001ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಚಿತ್ರೀಕರಣದಲ್ಲಿ ಸೇನೆಯ ಮೇಜರ್ ಚಾರ್ಲ್ಸ್ ಇಂಗ್ರಾಂ ಹತ್ತು ಲಕ್ಷ ಪೌಂಡಿನ ಪ್ರಶ್ನೆಯವರೆಗೂ ಸರಿಯುತ್ತರ ಕೊಟ್ಟ; ಸರಿಯಾದ ಆಯ್ಕೆಯನ್ನು ಉಚ್ಚರಿಸಿದಾಗಲೆಲ್ಲ ಸ್ಟುಡಿಯೊದಲ್ಲಿ ಕೆಮ್ಮು ಕೇಳಿಬಂದಿತ್ತು ಎಂಬ ಕಾರಣಕ್ಕೆ ಹಣ ತಡೆಹಿಡಿಯಲಾಯಿತು, 2003ರಲ್ಲಿ ನ್ಯಾಯಾಲಯ ಅವನನ್ನು ದೋಷಿಯೆಂದಿತು. ಗಮನಿಸಬೇಕಾದ ಸಂಗತಿಯೆಂದರೆ, ಜೊತೆಗೆ ದೋಷಿಯಾದ ಕೆಮ್ಮಿನವನು ಸಾಮಾನ್ಯ ಪ್ರೇಕ್ಷಕನಲ್ಲ, ತನ್ನ ಸರದಿಗಾಗಿ ಕಾದು ಕುಳಿತಿದ್ದ ಇನ್ನೊಬ್ಬ ಸ್ಪರ್ಧಿ. ಅದಕ್ಕಿಂತ ಹಳೆಯ ಪ್ರಕರಣವೊಂದಿದೆ. ಅಮೆರಿಕದ ಎನ್‌ಬಿಸಿ ವಾಹಿನಿಯ 'ಟ್ವೆಂಟಿ ಒನ್' ಕಾರ್ಯಕ್ರಮದಲ್ಲಿ ಸ್ಪರ್ಧಿಗಳನ್ನು ಹೊರಗಿನ ಸದ್ದು ಕೇಳದ ಗಾಜಿನ ಕೋಣೆಗಳಲ್ಲಿ ನಿಲ್ಲಿಸುತ್ತಿದ್ದರು. ಸಭೆಯಿಂದ ಒಂದು ಪಿಸುಮಾತೂ ತೂರಿಹೋಗುವಂತಿರಲಿಲ್ಲ. ಹಾಗಿದ್ದರೂ 1956ರಲ್ಲಿ ಹರ್ಬರ್ಟ್ ಸ್ಟೆಂಪೆಲ್ ತನಗೆ ಗೊತ್ತಿದ್ದ ಉತ್ತರವನ್ನು ಬೇಕೆಂದೇ ತಪ್ಪಾಗಿ ಹೇಳಿ ಸೋತ, ಚಾರ್ಲ್ಸ್ ವ್ಯಾನ್ ಡೋರೆನ್ ಗೆದ್ದ. ಉತ್ತರಗಳನ್ನು ತನಗೆ ಮುಂಚಿತವಾಗಿ ಕೊಡಲಾಗುತ್ತಿತ್ತು ಎಂದು 1959ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ವ್ಯಾನ್ ಡೋರೆನ್ ಒಪ್ಪಿಕೊಂಡ. ಆ ಮೋಸ ಬಂದದ್ದು ನಿರ್ಮಾಪಕರ ಕೋಣೆಯಿಂದ. ನಮ್ಮನ್ನು ಅನುಮಾನಿಸುವ ಮುನ್ನ ಈ ಇತಿಹಾಸವನ್ನು ಒಮ್ಮೆ ನೋಡುವುದು ಒಳ್ಳೆಯದು.

ಕೋಟಿ ರೂಪಾಯಿಯ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರ ಮತ ಕೇಳುವ ಸಹಾಯವಿದೆಯಲ್ಲ ಎನ್ನಬಹುದು. ಅದು ಒಳ್ಳೆಯ ಏರ್ಪಾಡೇ. ಇನ್ನೂರು ಜನರಲ್ಲಿ ನಲವತ್ತು ಮಂದಿಗೆ ಮಾತ್ರ ಉತ್ತರ ಗೊತ್ತಿದೆ, ಉಳಿದ ನೂರಅರವತ್ತು ಮಂದಿ ಕಣ್ಣುಮುಚ್ಚಿ ಗುಂಡಿ ಒತ್ತುತ್ತಾರೆ ಎಂದುಕೊಳ್ಳಿ. ಊಹೆಗಳು ನಾಲ್ಕು ಆಯ್ಕೆಗಳಿಗೂ ನಲವತ್ತರಂತೆ ಹಂಚಿಹೋಗಿ, ಸರಿಯುತ್ತರಕ್ಕೆ ಎಂಬತ್ತು ಮತ ಬೀಳುತ್ತದೆ. ಅಲ್ಪಸಂಖ್ಯಾತರ ತಿಳಿವಳಿಕೆಗೆ ಹೀಗೆ ಎಲ್ಲಕ್ಕಿಂತ ಹೆಚ್ಚು ಮತ ಸಿಗುತ್ತದೆ. ಆದರೆ ಮಂಜೇಶ್ವರದಂಥ ಪ್ರಶ್ನೆಯಲ್ಲಿ ಊಹೆಗಳು ಸಮನಾಗಿ ಹಂಚಿಹೋಗುವುದಿಲ್ಲ. ಕನ್ನಡದ ರಾಷ್ಟ್ರಕವಿ ಎಂದೊಡನೆ ಗೊತ್ತಿಲ್ಲದವರ ಬೆರಳು ಕರ್ನಾಟಕದ ಜಿಲ್ಲೆಯ ಕಡೆಗೇ ಸರಿಯುತ್ತದೆ, ನಮ್ಮ ಸಾಲಿನ ಮತ ಅದರಡಿ ಮುಚ್ಚಿಹೋಗುತ್ತದೆ. ಗುಂಡಿ ಕಾರಣವನ್ನು ಹೇಳಲಾರದು. ಕಾರಣ ಹೇಳಲು ಮೈಕ್ ಬೇಕು.

ಪ್ರಸಾರದ ದಿನ ವಾಚನಾಲಯದಲ್ಲಿ ಎಲ್ಲರೂ ಸೇರಿ ನೋಡಿದೆವು. ಹುಡುಗ ಯೋಚಿಸಿದ ಅಷ್ಟು ಹೊತ್ತು ಎರಡು ಬಡಿತ ಸಂಗೀತಕ್ಕೆ ಇಳಿದಿತ್ತು. ಕ್ರಿಕೆಟ್ ಕುರಿತ ಇನ್ನಾವುದೋ ಉತ್ತರಕ್ಕೆ ಮಾಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕ್ರಿಕೆಟ್ಟಿನಲ್ಲಿ ಅವರಿಗೆ ಕಿಂಚಿತ್ತೂ ಆಸಕ್ತಿಯಿಲ್ಲವೆಂಬುದು ಊರಿಗೆಲ್ಲ ಗೊತ್ತು.

ಸ್ಪರ್ಧಿ ಸೋತ ಮೇಲೆ, ಹಣದ ಲೆಕ್ಕ ಮುಗಿದ ಮೇಲೆ, ಅವನಿಗೆ ಗೊತ್ತಾಗದ ಆ ಕೊನೆಯ ಪ್ರಶ್ನೆಯನ್ನು ಒಮ್ಮೆ ಸಭೆಗೆ ಬಿಡಲಿ. ಉತ್ತರವನ್ನು ನಿರೂಪಕರು ಆಮೇಲೆ ಹೇಳಲಿ. ಆಟದ ಫಲಿತಾಂಶಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ, ಸೋರಿಕೆಯ ಭಯವೂ ಇಲ್ಲ, ಖರ್ಚಾಗುವುದು ಒಂದು ಮೈಕ್ ಮತ್ತು ಒಂದು ನಿಮಿಷ. ಬಹುಮಾನವಾಗಿ ಒಂದು ಪುಸ್ತಕ ಸಾಕು. ಚಂದನ ವಾಹಿನಿಯ 'ಥಟ್ ಅಂತ ಹೇಳಿ'ಯಲ್ಲಿ ನಾ. ಸೋಮೇಶ್ವರ ಅವರು 2002ರಿಂದ ಪುಸ್ತಕಗಳನ್ನೇ ಕೊಡುತ್ತಾ ಬಂದಿದ್ದಾರೆ, ಅದಕ್ಕಾಗಿ ಸ್ಪರ್ಧಿಗಳಿಗೇನೂ ಕೊರತೆಯಾಗಿಲ್ಲ.