ಹಡಗು ಹತ್ತಿದರೆ ನೂರು ಕಿಲೋಮೀಟರ್ ಕಟ್

ಮಾರುತಿಯ ಎಲೆಕ್ಟ್ರಿಕ್ ಕಾರು ಇ-ವಿಟಾರ ಹುಟ್ಟುವುದು ಗುಜರಾತಿನ ಹಂಸಲ್‌ಪುರದಲ್ಲಿ. 2025ರ ಆಗಸ್ಟ್‌ನಲ್ಲಿ ಸಾಕ್ಷಾತ್ ಪ್ರಧಾನಿಯವರೇ ಬಾವುಟ ತೋರಿಸಿ ರಫ್ತಿಗೆ ಬೀಳ್ಕೊಟ್ಟ ಕಾರು. ದೊಡ್ಡ ಬ್ಯಾಟರಿಗೆ 61 ಯೂನಿಟ್ ಕರೆಂಟು ಹಿಡಿಸುತ್ತದೆ. ಅದು ಲಾರಿ ಹತ್ತಿ ನಮ್ಮೂರಿನ ಶೋರೂಮಿಗೆ ಬಂದರೆ ಒಂದು ಚಾರ್ಜಿಗೆ 543 ಕಿ.ಮೀ. ಹಡಗು ಹತ್ತಿ ಯುರೋಪಿಗೆ ಹೋದರೆ 425ರ ಆಸುಪಾಸು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂದು ಹಿರಿಯರು ಹೆದರುತ್ತಿದ್ದರು. ಕಾರಿಗಾದರೆ ಮೈಲೇಜೇ ಕೆಡುತ್ತದೆ.

ಕಂಪನಿ ಸುಳ್ಳು ಹೇಳಿಲ್ಲ. ಎರಡೂ ಅಂಕಿಗಳ ಸರ್ಟಿಫಿಕೇಟು ಅಸಲಿಯೇ, ಪರೀಕ್ಷೆ ಮಾತ್ರ ಬೇರೆ ಬೇರೆ. ಯುರೋಪಿನ ಈಗಿನ ಪರೀಕ್ಷೆಯಲ್ಲಿ ವೇಗ ಗಂಟೆಗೆ 131 ಕಿ.ಮೀ.ವರೆಗೆ ಏರುತ್ತದೆ. ನಮ್ಮದು, ಅವರು 2017ರಿಂದ ಕೈಬಿಡಲು ಶುರುಮಾಡಿದ ಹಳೆಯ ಪರೀಕ್ಷೆಯನ್ನೇ ತುಸು ತಿದ್ದಿ ಇಟ್ಟುಕೊಂಡದ್ದು. ಇದರಲ್ಲಿ 90 ದಾಟುವಂತಿಲ್ಲ, ಏಸಿ ಹಾಕುವಂತಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಸರ್ಕಾರವೇ 100ರವರೆಗೆ ಹೋಗಿ ಎನ್ನುತ್ತದೆ. ಹೋದಿರೋ, ಪರೀಕ್ಷೆಗೆ ಗೊತ್ತಿಲ್ಲದ ಲೋಕಕ್ಕೆ ಕಾಲಿಟ್ಟಿರಿ. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮುಚ್ಚಿ, ಏಸಿ ಆರಿಸಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೆವರುತ್ತಾ ಕೂರುವ ಪುಣ್ಯಾತ್ಮನೊಬ್ಬನೇ ಈ ದೇಶದ ಆದರ್ಶ ಚಾಲಕ.

ಟಾಟಾದವರು ಪಕ್ಕದಲ್ಲಿ ಇನ್ನೊಂದು ಅಂಕಿಯನ್ನೂ ಕೊಡುತ್ತಾರೆ. 45 ಯೂನಿಟ್ ಬ್ಯಾಟರಿಯ ಅವರ ನೆಕ್ಸಾನ್ ಎಲೆಕ್ಟ್ರಿಕ್ ಕಾರಿಗೆ ಸರ್ಟಿಫಿಕೇಟಿನ ಪ್ರಕಾರ 489 ಕಿ.ಮೀ., ‘ಸಿ75’ ಪ್ರಕಾರ 350ರಿಂದ 370. ಸಿ75 ಎಂದರೆ ನೂರಕ್ಕೆ 75 ಗ್ರಾಹಕರಿಗೆ ರಸ್ತೆಯಲ್ಲಿ ಸಿಗುವಂಥದ್ದು. ಉಳಿದ 25 ಮಂದಿ ಶಿರಾಡಿ ಘಾಟಿ ಹತ್ತುತ್ತಿರಬೇಕು. ಈ ಎರಡನೇ ಅಂಕಿಯನ್ನು ಮೆಚ್ಚಲೇಬೇಕು. ಆದರೆ ನಿಜ ಗೊತ್ತಿದ್ದ ಮೇಲೂ 489ನ್ನು ಹೊತ್ತು ತಿರುಗಬೇಕಾದ ಕರ್ಮ ನೋಡಿ! ಅಮೆರಿಕದವರು ಲ್ಯಾಬಿನಲ್ಲಿ ಬಂದ ಅಂಕಿಯನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಿ, ಬಂದಷ್ಟನ್ನೇ ಜನರಿಗೆ ಹೇಳುತ್ತಾರೆ. ಅವರ ಪರೀಕ್ಷೆ ಬೇರೆ, ಇರಲಿ. ತಮಾಷೆಗೆ 489ಕ್ಕೂ ಅದೇ ಲೆಕ್ಕ ಹಾಕಿದರೆ 342.

ಮುಂದೆ ಬರಲಿರುವ ಕಾರುಗಳ ಟೀಸರ್ ನೋಡುವವರು ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಳ್ಳುವುದು ಲೇಸು. ಕಿಲೋಮೀಟರನ್ನು ಯೂನಿಟ್ಟಿನಿಂದ ಭಾಗಿಸಿ. ಇ-ವಿಟಾರ ಇಲ್ಲಿ ಯೂನಿಟ್ಟಿಗೆ ಹತ್ತಿರ ಹತ್ತಿರ 9 ಕಿ.ಮೀ., ಅಲ್ಲಿ 7. ಒಂಬತ್ತು ಕಂಡಲ್ಲಿ ಅಂಕಿಯ ನೆತ್ತಿ ನೋಡಿ, ಸಾಸಿವೆಗಿಂತ ಸಣ್ಣದೊಂದು ನಕ್ಷತ್ರ ಇರುತ್ತದೆ. ಅದರ ವಿವರಣೆ ಪುಟದ ತಳದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಬೂದು ಬಣ್ಣದಲ್ಲಿ.

ಶೋರೂಮಿನ ಹುಡುಗರನ್ನು ಕೇಳಿದರೆ ಉತ್ತರ ಒಂದೇ:

“ರೇಂಜು ನೀವು ಓಡಿಸೋದರ ಮೇಲೆ ಇರುತ್ತೆ ಸಾರ್.”

“ಹಾಗಾದ್ರೆ ಈ ಬೋರ್ಡಲ್ಲಿ ಬರ್ದಿರೋಷ್ಟು ಓಡಿಸಿದ್ದು ಯಾರಪ್ಪಾ?”

“ಓಡಿಸಿದ್ದಲ್ಲ ಸಾರ್, ರೋಲರ್ ಮೇಲೆ ನಿಲ್ಲಿಸಿ ಚಕ್ರ ತಿರುಗ್ಸಿದ್ದು. ಗಾಡಿ ಎಲ್ಲೂ ಹೋಗಿಲ್ಲ.”