ಪ್ರಶ್ನೆಗೆ ಸಮಯವಿಲ್ಲದ ವಿಚಾರ ಸಂಕಿರಣ

ನಿನ್ನೆ ಒಂದು ವಿಶ್ವವಿದ್ಯಾಲಯದ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ವಿಷಯ, ನಂಬಿಕೆ ಮತ್ತು ವೈಚಾರಿಕತೆ. ಅದೇ ವಿಷಯದ ದಪ್ಪ ಪುಸ್ತಕವೊಂದರ ಬಿಡುಗಡೆಯೂ ಇತ್ತು. ಹಾರ, ಶಾಲು, ಸ್ಮರಣಿಕೆಗಳಲ್ಲೇ ಹೊತ್ತು ಕಳೆಯಿತು. ಕೊನೆಗೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಕೈ ಎತ್ತಿದಳು. ನಿರೂಪಕರು "ಸಮಯದ ಅಭಾವವಿದೆ" ಎಂದು ವಂದನಾರ್ಪಣೆಗೆ ಕರೆದರು. ನನಗಿನ್ನೂ ಸಿಟ್ಟು ಇಳಿದಿಲ್ಲ.

ವೇದಿಕೆಯ ಮೇಲೆ ಕ್ಲಿಫರ್ಡ್ ಹೆಸರು ಬಂದಿತ್ತು. ಲಂಡನ್ನಿನಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದವನು. 1877ರ ಅವನ ಪ್ರಬಂಧದಲ್ಲಿ ಹಡಗಿನ ಮಾಲೀಕನೊಬ್ಬ ಬರುತ್ತಾನೆ. ಹಡಗು ಹಳತು, ದುರಸ್ತಿಗೆ ದುಡ್ಡು ಬೇಕು. ಇಷ್ಟು ಸಲ ಹೋಗಿ ಬಂದಿದೆ, ದೇವರು ಕಾಯುತ್ತಾನೆ ಎಂದು ತನ್ನ ಮನಸ್ಸನ್ನು ತಾನೇ ಒಪ್ಪಿಸಿ, ವಲಸೆ ಹೊರಟ ಸಂಸಾರಗಳನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಮುಳುಗದೆ ದಡ ಸೇರಿದ್ದರೂ ಅವನು ತಪ್ಪಿತಸ್ಥನೇ ಎನ್ನುತ್ತಾನೆ ಕ್ಲಿಫರ್ಡ್. ಪರೀಕ್ಷಿಸದೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಇಷ್ಟನ್ನು ಹೇಳಿ ಒಂದು ಪ್ರಶ್ನೆಯನ್ನೂ ಕೇಳಿಸಿಕೊಳ್ಳದೆ ಎದ್ದರಲ್ಲ!

ನಮ್ಮ ಎಚ್ಚೆನ್ ಮೇಷ್ಟ್ರು, ಅಂದರೆ ಎಚ್. ನರಸಿಂಹಯ್ಯನವರು, ನೆನಪಾದರು. ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದ ಪಿಎಚ್‌.ಡಿ. ಮಾಡಿ ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬದುಕಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿ ರಚಿಸಿದರು. ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೇಳಿದರು. ಅವಕಾಶ ಸಿಗಲಿಲ್ಲ, ಟೀಕೆ ಬೇಕಾದಷ್ಟು ಸಿಕ್ಕಿತು. ಆದರೂ ಕೇಳಿದರು. ವಿಶ್ವವಿದ್ಯಾಲಯ ಇರುವುದೇ ಅದಕ್ಕೆ. ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಗುಣವನ್ನೂ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎನ್ನುತ್ತದೆ. ಕ್ಲಾಸಿನಲ್ಲಿ ಬೆಳೆಯದ ಗುಣ ಇನ್ನೆಲ್ಲಿ ಬೆಳೆಯಬೇಕು?

"ನಂಬಿಕೆ ಅವರವರ ಖಾಸಗಿ ವಿಷಯ, ವಿಶ್ವವಿದ್ಯಾಲಯ ಯಾಕೆ ಕೈಹಾಕಬೇಕು" ಎಂದು ಕೆಲವು ಗೆಳೆಯರು ಬರೆಯುತ್ತೀರಿ, ಗೊತ್ತು. ನಿಮ್ಮ ಪೂಜೆಯನ್ನು ಯಾರೂ ಕೇಳುತ್ತಿಲ್ಲ. ಶೂನ್ಯದಿಂದ ವಸ್ತು ಬರುತ್ತದೆ, ತಾಯತದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ನಾಲ್ಕು ಜನರ ಮುಂದೆ ಹೇಳಿದ ಮೇಲೆ ಅದು ಖಾಸಗಿಯಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಕಣ್ಣು ಕಳೆದುಕೊಳ್ಳುವುದು ಇಂಥ ಮಾತು ನಂಬಿಯೇ.

ಆ ಹುಡುಗಿ ಏನು ಕೇಳಬೇಕೆಂದಿದ್ದಳೋ! ಊಟದ ಸಾಲಿನಲ್ಲಿ ಹುಡುಕಿದೆ, ಹೊರಟುಹೋಗಿದ್ದಳು. ಅಧ್ಯಾಪಕ ಮಿತ್ರರೇ, ಮುಂದಿನ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ ಸನ್ಮಾನದ ಸಾಲು ತೆಗೆದು ಅಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗೆ ಒಂದು ಗಂಟೆ ಎಂದು ಅಚ್ಚು ಹಾಕಿಸಿ. ನಾನು ಬರುತ್ತೇನೆ.